ಗಲ್ಲಾಪೆಟ್ಟಿಗೆಯೂ ನಂಬಿಕೆಯೂ

ಆಳಂದ ತಾಲ್ಲೂಕಿನ ಸರಸಂಬಾದಂತಹ ಊರಿನಲ್ಲಿ ತೊಗರಿ ವ್ಯಾಪಾರದ ಸಣ್ಣ ಅಂಗಡಿಯೊಂದನ್ನು ಶ್ರೋತೃಗಳು ಊಹಿಸಿಕೊಳ್ಳಬೇಕು. ತೂಗುವವನೂ, ಹಣ ಪಡೆಯುವವನೂ, ಕೀರ್ದಿ ಬರೆಯುವವನೂ ಒಬ್ಬನೇ ಗುಮಾಸ್ತ. ದಾಸ್ತಾನು ಕಡಿಮೆಯಾದರೆ ಮೊದಲ ಸಂಶಯ ಅವನ ಮೇಲೆಯೇ. ಆದರೆ ಕಾಳು ಒಣಗಿದಂತೆ ತೂಕ ಇಳಿಯುತ್ತದೆ; ಇಲಿಯೂ ಹುಳುವೂ ತಮ್ಮ ಪಾಲನ್ನು ಕೇಳದೆಯೇ ಒಯ್ಯುತ್ತವೆ.

ಈ ಸೀಮೆಗೆ ದೂರವಲ್ಲದ ಕಲ್ಯಾಣದ ಕಥೆಯೊಂದುಂಟು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಬೊಕ್ಕಸದ ಹಣವನ್ನು ಜಂಗಮರಿಗೆ ವ್ಯಯಿಸಿದರೆಂದು ದೂರು ಹೋಯಿತು. ಎಣಿಸಿ ನೋಡಲು ಹಣ ಸರಿಯಾಗಿಯೇ ಇದ್ದಿತು. ಭಕ್ತರು ಇದನ್ನು ಪವಾಡವೆನ್ನುವರು. ವರ್ತಕನಿಗೆ ಇದರಲ್ಲಿ ಮತ್ತೊಂದು ಪಾಠವಿದೆ: ದೂರಿಗೆ ಉತ್ತರ ಎಣಿಕೆ, ಬೈಗಳಲ್ಲ.

ಆದುದರಿಂದ ಹಣ ಒಬ್ಬನ ಕೈಯಲ್ಲಿ, ಲೆಕ್ಕ ಮತ್ತೊಬ್ಬನ ಕೈಯಲ್ಲಿ ಇರತಕ್ಕದ್ದು. ಆಳು ಒಬ್ಬನೇ ಆದರೆ ಕೀರ್ದಿಯನ್ನು ಯಜಮಾನನೇ ಬರೆಯಲಿ. ಪ್ರತಿ ಸಂಜೆ ಇಬ್ಬರೂ ಕೂಡಿ ಶಿಲ್ಕು ಎಣಿಸಲಿ. ಆಗಾಗ ಮುನ್ಸೂಚನೆಯಿಲ್ಲದೆ ಚೀಲಗಳನ್ನು ತೂಗಲಿ. ಯಜಮಾನನೂ ತಾನು ಗಲ್ಲಾದಿಂದ ತೆಗೆದ ಹಣವನ್ನು ಬರೆದಿಡಬೇಕು. ಅನೇಕ ಅಂಗಡಿಗಳಲ್ಲಿ ಕಾಣದ ಕೊರತೆಯ ಮೂಲ ಅಲ್ಲಿಯೇ. ಇಷ್ಟರ ಮೇಲೂ ಒಬ್ಬನೇ ಕುಳಿತ ದಿನಗಳಲ್ಲಿ ಕೊರತೆ ಮತ್ತೆ ಮತ್ತೆ ಬಿದ್ದರೆ, ಆಗ ಅವನನ್ನು ಏಕಾಂತದಲ್ಲಿ ವಿಚಾರಿಸಬಹುದು.

ಎಣಿಕೆ ಕಳ್ಳನನ್ನು ಹಿಡಿದುಕೊಡುವುದು ನಿಜ. ಅದಕ್ಕಿಂತ ಮಿಗಿಲಾಗಿ ಅದು ನಿರಪರಾಧಿಯ ಅನ್ನವನ್ನು ಕಾಯುತ್ತದೆ.