ತಾಯಿಯ ಎದೆಯೇ ಮೊದಲ ತೊಟ್ಟಿಲು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ತೊಟ್ಟಿಲ ಪಕ್ಕದಲ್ಲಿ ನಿಂತು ರೂಢಿಯಾದ ನಮಗೆ ವೇದಿಕೆಯ ಮೇಲೆ ನಿಲ್ಲುವ ಅಭ್ಯಾಸವಿಲ್ಲ. ಆದರೂ ತಾವು ಪ್ರೀತಿಯಿಂದ ಕರೆದಿದ್ದೀರಿ. ಕೊಯಮತ್ತೂರಿನ ಆಸ್ಪತ್ರೆಯೊಂದರ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ದಾದಿಯರಾಗಿ ನಾವು ಕಂಡುದನ್ನು ನಾಲ್ಕು ಮಾತುಗಳಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

37 ವಾರ ತುಂಬುವ ಮೊದಲೇ ಹುಟ್ಟುವ ಕೂಸು ಈ ಲೋಕಕ್ಕೆ ಸಿದ್ಧವಾಗಿ ಬಂದಿರುವುದಿಲ್ಲ. ಬಹಳ ಬೇಗ ಹುಟ್ಟಿದ್ದರೆ ಶ್ವಾಸಕೋಶ ಬಲಿತಿರುವುದಿಲ್ಲ. ಚೀಪಿ, ನುಂಗಿ, ಉಸಿರಾಡುವ ಹದ ಬಂದಿರುವುದಿಲ್ಲ. ಮೈಯಲ್ಲಿ ಕೊಬ್ಬಿಲ್ಲದ ಕಾರಣ ಕಾವು ಬೇಗನೆ ಇಳಿದುಹೋಗುತ್ತದೆ. ಸಣ್ಣ ನಳಿಕೆಯ ಮೂಲಕ ತಾಯಿಯ ಹಾಲನ್ನು ಅಳೆದು ಉಣಿಸುವುದು, ಉಸಿರನ್ನು ಎಣಿಸುವುದು, ಮುಟ್ಟುವ ಮೊದಲು ಪ್ರತಿಸಲವೂ ಕೈ ತೊಳೆಯುವುದು, ಇವೇ ನಮ್ಮ ಹಗಲಿರುಳಿನ ಕೆಲಸ.

ಒಮ್ಮೆ ತಾಳವಾಡಿಯ ಕಡೆಯಿಂದ ಅಂತಹ ಕೂಸೊಂದು ಬಂದಿತು. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಸತ್ಯಮಂಗಲವನ್ನು ದಾಟಿ ಬಂದ ಮಗುವಿಗೆ ಮೂರು ಸುತ್ತು ಕಂಬಳಿ ಹೊದಿಸಿದ್ದರು. ಆದರೂ ಪಾದಗಳು ತಣ್ಣಗಿದ್ದವು. ಕಂಬಳಿಯು ಇದ್ದ ಕಾವನ್ನು ಹಿಡಿದಿಡಬಲ್ಲುದೇ ಹೊರತು ಇಲ್ಲದ ಕಾವನ್ನು ಕೊಡಲಾರದು.

ಮರುದಿನ ತಾಯಿ ಬಂದಳು. ಚಾಮರಾಜನಗರದ ಕಡೆಯಿಂದ ಸೊಸೆಯಾಗಿ ಬಂದವಳು, ತಮಿಳು ತಿಳಿಯದು. ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕೊಡಬೇಕೆಂದು ತಮಿಳಿನಲ್ಲಿ ಹೇಳಿದೆವು, ಆಕೆ ತಲೆಯಾಡಿಸಿದಳು. ಮೂರನೆಯ ದಿನವೂ ಬಟ್ಟಲು ಬರಿದಾಗಿತ್ತು. ಆಗ ನಮ್ಮಲ್ಲೊಬ್ಬರು ಕನ್ನಡದಲ್ಲಿ ವಿಚಾರಿಸಿದರು.

“ಕೂಸು ಉಳಿಯಲ್ಲ ಅಂದ್ರು ಅಂತ ತಿಳ್ಕೊಂಡಿದ್ದೆ ಕಣಕ್ಕ” ಎಂದು ಆಕೆ ಬಿಕ್ಕಿ ಅತ್ತಳು.

ತಪ್ಪು ನಮ್ಮದೇ. ಮನೆಯಲ್ಲಿ ಆಡುವ ನುಡಿಯನ್ನು ಆಸ್ಪತ್ರೆಯ ಬಾಗಿಲಲ್ಲಿ ಕಳಚಿಡುವುದು ನಮಗೆ ಅಭ್ಯಾಸವಾಗಿತ್ತು. ಅದಕ್ಕಾಗಿ ಆ ತಾಯಿ ಮೂರು ದಿನ ನರಳಿದಳು. ಅಮೂಲ್ಯವಾದ ಮೊದಲ ಹಾಲು ಕೂಸಿಗೆ ದಕ್ಕಲಿಲ್ಲ.

ಅಂದೇ ಮಗುವನ್ನು ಆಕೆಯ ಬರಿಯೆದೆಗೆ ಒರಗಿಸಿದೆವು. ಇದಕ್ಕೆ ಕಾಂಗರೂ ಆರೈಕೆಯೆಂದು ಹೆಸರು. ಕಾವುಪೆಟ್ಟಿಗೆಗಳು ಸಾಲದೆ 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ವೈದ್ಯ ಎಡ್ಗರ್ ರೇ ಇದನ್ನು ಆರಂಭಿಸಿದರು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, 1ರಿಂದ 1.8 ಕಿಲೋ ತೂಕದ ಶಿಶುಗಳನ್ನು ಹುಟ್ಟಿದೊಡನೆಯೇ ಹೀಗೆ ಅಪ್ಪಿಕೊಂಡರೆ ಸಾವುಗಳು ಸುಮಾರು ಕಾಲುಭಾಗ ಇಳಿಯುತ್ತವೆಂದು ತೋರಿಸಿತು. ತಾಯಿ ಕನ್ನಡದಲ್ಲಿ ಮಾತನಾಡಿಸತೊಡಗಿದಳು. ಕೂಸು ನೆಮ್ಮದಿಯಿಂದ ಮಲಗಿತು. ಗರ್ಭದಲ್ಲಿಯೇ ಕೇಳಿದ ಧ್ವನಿಯಲ್ಲವೇ ಅದು! ದಿನ ಕಳೆದಂತೆ ಹಾಲೂ ಹೆಚ್ಚಿತು. ಕೆಲವು ವಾರಗಳ ತರುವಾಯ ತಾಯಿಮಕ್ಕಳಿಬ್ಬರೂ ಘಟ್ಟ ಹತ್ತಿ ಮನೆಗೆ ಹೋದರು. ಎಲ್ಲ ಕೂಸುಗಳೂ ಹೀಗೆ ಮನೆ ಸೇರುವುದಿಲ್ಲ. ಆ ನೋವು ನಮಗೆ ಹೊಸದಲ್ಲ.

ಬಂಧುಗಳೇ, ನಮ್ಮ ಬಿನ್ನಹ ಇಷ್ಟೇ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಎಳೆಗೂಸನ್ನು ದೂರ ಒಯ್ಯಬೇಕಾದಾಗ, ವೈದ್ಯರು ಒಪ್ಪಿದರೆ, ತಾಯಿಯಾಗಲಿ ಮನೆಯ ಇನ್ನೊಬ್ಬರಾಗಲಿ ಎದೆಗೆ ಅಪ್ಪಿಕೊಂಡು, ಮೇಲೆ ಹೊದಿಕೆ ಹೊದ್ದು ಕರೆತನ್ನಿ. ಹೇಳಿದ್ದು ತಿಳಿಯದಿದ್ದರೆ ಸಂಕೋಚವಿಲ್ಲದೆ ಮತ್ತೆ ಕೇಳಿ. ನಮ್ಮ ತಮಿಳು ಸೋದರಿಯರ ಕೈಗಳಲ್ಲಿ ಮಮತೆಗೆ ಕೊರತೆಯಿಲ್ಲ. ಆ ಮಮತೆ ನಮ್ಮ ತಾಯಂದಿರಿಗೆ ಅರ್ಥವಾಗಲು ನುಡಿಯ ಸೇತುವೆ ಬೇಕು. ಆದುದರಿಂದ ನಿಮ್ಮ ಹೆಣ್ಣುಮಕ್ಕಳಲ್ಲಿ ಕೆಲವರಾದರೂ ಈ ಸೇವೆಗೆ ಬರಲಿ. ಗಡಿಯಲ್ಲಿ ಕನ್ನಡವನ್ನು ಉಳಿಸುವ ಕೆಲಸವು ಒಂದು ಕೂಸನ್ನು ಉಳಿಸುವ ಕೆಲಸವೂ ಆಗಬಲ್ಲುದು.