ಮಗುವಿನ ಹಕ್ಕಿ ಸತ್ತಾಗ ನಾವೇನು ಮಾಡುತ್ತೇವೆ?



ಮದೀನಾದ ಒಂದು ಮನೆಯಿಂದ ಮಾತು ಆರಂಭಿಸೋಣ. ಅದು ಅಬೂತಲ್‌ಹಾ(ರ) ಮತ್ತು ಉಮ್ಮು ಸುಲೈಮ್(ರ) ದಂಪತಿಯ ಮನೆ. ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದ ಹ. ಅನಸ್(ರ)ರಿಗೆ ಅಲ್ಲಿ ಆಗಷ್ಟೇ ಹಾಲು ಬಿಟ್ಟ ಒಬ್ಬ ತಮ್ಮನಿದ್ದ. ಅವನನ್ನು ಅಬೂ ಉಮೈರ್ ಎಂದು ಕರೆಯುತ್ತಿದ್ದರು. ಆಟವಾಡಲು ಅವನಲ್ಲಿ ಒಂದು ಪುಟ್ಟ ಹಕ್ಕಿಯಿತ್ತು. ಒಂದು ದಿನ ಆ ಹಕ್ಕಿ ಸತ್ತಿತು. ಮನೆಗೆ ಬಂದ ಪ್ರವಾದಿವರ್ಯರು(ಸ) ಹುಡುಗ ಸಪ್ಪಗಿರುವುದನ್ನು ಕಂಡು ಕಾರಣ ಕೇಳಿದರು. ವಿಷಯ ತಿಳಿದ ಮೇಲೆ ಅವನನ್ನೇ ಹೆಸರು ಹಿಡಿದು ಕರೆದು, ಹಕ್ಕಿ ಏನಾಯಿತೆಂದು ವಿಚಾರಿಸಿದರು. ಮಗುವಿನ ಹೆಸರಿಗೂ ಹಕ್ಕಿಯ ಹೆಸರಿಗೂ ಪ್ರಾಸ ಕೂಡುವಂತೆ ಆ ಪ್ರಶ್ನೆಯನ್ನು ಕೇಳಿದ್ದರು.

ಯುದ್ಧ, ಸಂಧಿ, ನಿಯೋಗಗಳು, ಒಂದು ಸಮುದಾಯದ ಸಮಸ್ತ ಹೊಣೆ ಹೆಗಲ ಮೇಲಿದ್ದ ವ್ಯಕ್ತಿ ಒಂದು ಹಕ್ಕಿಯ ಸಾವಿಗೆ ಸಮಯ ಕೊಟ್ಟರು. ಇಬ್ನುಲ್ ಕಾಸ್ಸ್ ಎಂಬ ಶಾಫಿಈ ವಿದ್ವಾಂಸರು ಈ ಒಂದೇ ಹದೀಸ್‌ನಿಂದ ಸುಮಾರು 60 ಪಾಠಗಳನ್ನು ಹೆಕ್ಕಿ ಒಂದು ಗ್ರಂಥವನ್ನೇ ರಚಿಸಿದ್ದಾರೆ. ನಮಗೆ ಇಂದು ಅವುಗಳಲ್ಲಿ ಒಂದು ಸಾಕು.

ನಮ್ಮ ಮನೆಯಲ್ಲಿ ಹೀಗಾಗಿದ್ದರೆ ನಾವು ಏನು ಹೇಳುತ್ತಿದ್ದೆವು? 'ಒಂದು ಹಕ್ಕಿಗಾಗಿ ಅಳುತ್ತೀಯಾ? ಗಂಡು ಮಗು ಅಲ್ಲವೇ ನೀನು? ನಾಳೆ ಬೇರೊಂದು ತಂದರಾಯಿತು.' ಈ ಮಾತುಗಳಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಇವುಗಳಿಂದ ಮಗು ಕಲಿಯುವುದೇನು? ದುಃಖಪಡುವುದು ನಾಚಿಕೆಗೇಡೆಂದು ಕಲಿಯುತ್ತದೆ. ತನ್ನ ದುಃಖ ದೊಡ್ಡವರಿಗೆ ಒಂದು ಕಿರಿಕಿರಿ ಎಂದು ಕಲಿಯುತ್ತದೆ. ಮಗನ ಅಗಲಿಕೆಯ ದುಃಖದಲ್ಲಿ ಪ್ರವಾದಿ ಯಅ್‌ಕೂಬ್(ಅ)ರ ಕಣ್ಣುಗಳು ಬೆಳ್ಳಗಾದವೆಂದು ಪವಿತ್ರ ಕುರ್‌ಆನ್ ಹೇಳುತ್ತದೆ. ಗಂಡಸು ಅಳಬಾರದೆಂಬ ನಿಯಮವನ್ನು ನಾವು ಎಲ್ಲಿಂದ ತಂದೆವೋ! ಇತ್ತೀಚೆಗಂತೂ ಗದರುವ ಕಷ್ಟವೂ ಇಲ್ಲ. ಅಳುವ ಮಗುವಿನ ಕೈಗೆ ಮೊಬೈಲ್ ಕೊಟ್ಟರೆ ಎರಡು ನಿಮಿಷದಲ್ಲಿ ಮನೆ ಶಾಂತ. ಶಾಂತವಾದದ್ದು ಮನೆ ಮಾತ್ರ, ಮಗುವಿನ ಮನಸ್ಸಲ್ಲ.

ಇದು ಸಣ್ಣ ವಿಷಯವೆಂದು ನಿಮಗೆ ಅನಿಸಬಹುದು. ಹಕ್ಕಿಯ ದುಃಖವನ್ನು ಹೇಳಿಕೊಳ್ಳಲಾಗದ ಮಗು ಹದಿನಾರರ ಪ್ರಾಯದಲ್ಲಿ ಅವಮಾನವನ್ನು ಹೇಳಿಕೊಳ್ಳುತ್ತದೆಯೇ? 2021ರ ಕೊನೆಯಲ್ಲಿ ಉಡುಪಿಯಲ್ಲಿ ಆರಂಭವಾದ ಹಿಜಾಬ್ ವಿವಾದವು 2022ರಲ್ಲಿ ರಾಜ್ಯವನ್ನೇ ಆವರಿಸಿತು. ಆ ವರ್ಷ ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ನಾವು ಸಂವಿಧಾನದ ವಿಧಿಗಳ ಬಗ್ಗೆ ಚರ್ಚಿಸಿದೆವು, ಸಭೆ ಸೇರಿದೆವು, ಮನವಿ ಸಲ್ಲಿಸಿದೆವು. ಅವೆಲ್ಲವೂ ಅಗತ್ಯವೇ ಆಗಿತ್ತು. ಆದರೆ ಕಾಲೇಜಿನ ಗೇಟಿನಿಂದ ಮರಳಿ ಬಂದ ಹೆಣ್ಮಕ್ಕಳೊಂದಿಗೆ ಅಂದು ಸಂಜೆ ಕುಳಿತು, 'ನಿನಗೆ ಹೇಗಾಯಿತು ಮಗಳೇ?' ಎಂದು ಕೇಳಿದ ಮನೆಗಳೆಷ್ಟು? ನಾವು ಕೇಳಿದ್ದು, 'ಪರೀಕ್ಷೆಯ ಗತಿ ಏನು?' ಎಂದು. ಶಾಲೆಯ ಆಟದ ಬಯಲಿನಲ್ಲಿ ಧರ್ಮದ ಹೆಸರು ಹಿಡಿದು ಹೀಯಾಳಿಸಲ್ಪಟ್ಟ ಹುಡುಗನಿಗೂ ನಮ್ಮ ಉತ್ತರ ಎರಡೇ: ಒಂದೋ 'ಸುಮ್ಮನಿರು', ಇಲ್ಲವೇ 'ನೀನೂ ಎರಡು ಕೊಡಬಾರದಿತ್ತೇ?' ಮೊದಲನೆಯದು ಅವನನ್ನು ಕುಗ್ಗಿಸುತ್ತದೆ. ಎರಡನೆಯದು, ಅವನ ಸಿಟ್ಟನ್ನು ಬಳಸಿಕೊಳ್ಳಲು ಕಾಯುತ್ತಿರುವವರ ಕೈಗೆ ಅವನನ್ನು ಒಪ್ಪಿಸುತ್ತದೆ. ಹೀಯಾಳಿಸಿದವರ ಸಮುದಾಯವನ್ನೇ ಊಟಕ್ಕೆ ಕುಳಿತಾಗ ಜರೆಯುವ ಅಭ್ಯಾಸವೂ ನಮ್ಮಲ್ಲಿದೆ. ಅದೇ ತರಗತಿಯಲ್ಲಿ ನಮ್ಮ ಮಗುವಿನೊಂದಿಗೆ ಬುತ್ತಿ ಹಂಚಿಕೊಳ್ಳುವ ಗೆಳೆಯನೂ ಅದೇ ಸಮುದಾಯದವನೆಂಬುದು ನಮಗೆ ಮರೆತಿರುತ್ತದೆ, ಮಗುವಿಗೆ ಮರೆತಿರುವುದಿಲ್ಲ. ಯಾರನ್ನು ನಂಬಬೇಕೆಂದು ತಿಳಿಯದೆ ಅದು ಮೌನವಾಗುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ಕೇಳಿಸಿಕೊಳ್ಳಬೇಕು. ತೀರ್ಪು ಆಮೇಲೆ. ಮಗುವಿಗೆ ತನ್ನ ಭಾವನೆಗೆ ಹೆಸರಿಡಲು ನೆರವಾಗಬೇಕು: ಇದು ಸಿಟ್ಟೇ, ಭಯವೇ, ಅಸೂಯೆಯೇ, ನಾಚಿಕೆಯೇ? ಹೆಸರು ಸಿಕ್ಕಿದ ಸಿಟ್ಟು ಅರ್ಧ ಇಳಿಯುತ್ತದೆ. ಬಳಿಕ ಎದುರಿಗಿದ್ದವನಿಗೆ ಏನನಿಸಿರಬಹುದೆಂದು ಕೇಳಬಹುದು.

ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ ಇನ್ನೊಂದು ಪ್ರಸಂಗವಿದೆ. ಪ್ರವಾದಿವರ್ಯರಿಗೆ(ಸ) ಕುಡಿಯಲು ಪಾನೀಯ ತರಲಾಯಿತು. ಬಲಬದಿಯಲ್ಲಿ ಒಬ್ಬ ಹುಡುಗ, ಎಡಬದಿಯಲ್ಲಿ ಹಿರಿಯರು. ಕುಡಿದಾದ ಮೇಲೆ ಬಟ್ಟಲು ಬಲಬದಿಗೆ ಹೋಗಬೇಕಿತ್ತು. ಹಿರಿಯರಿಗೆ ಮೊದಲು ಕೊಡಲೇ ಎಂದು ಅವರು ಹುಡುಗನ ಅನುಮತಿ ಕೇಳಿದರು. ತಮ್ಮಿಂದ ಸಿಗುವ ಪಾಲನ್ನು ಯಾರಿಗೂ ಬಿಟ್ಟುಕೊಡಲಾರೆನೆಂದು ಅವನು ನಿರಾಕರಿಸಿದ. ಯಾರೂ ಅವನನ್ನು ಅಧಿಕಪ್ರಸಂಗಿ ಎನ್ನಲಿಲ್ಲ. ಬಟ್ಟಲು ಅವನ ಕೈಗೇ ಬಂತು. ಅತಿಥಿಯ ಮಗು ಕೇಳಿತೆಂದು ನಮ್ಮ ಮಗುವಿನ ಆಟಿಕೆಯನ್ನು ಕಿತ್ತು ಕೊಡುವ ನಾವು ಇಲ್ಲಿ ಕೊಂಚ ನಿಲ್ಲಬೇಕು. ಕಿತ್ತುಕೊಂಡು ಕಲಿಸಿದ ಔದಾರ್ಯ ಔದಾರ್ಯವೇ?

ಇನ್ನು ಕೋಪದ ಮಾತು. ಕೋಪ ಬಂದಾಗ ನಿಂತಿದ್ದರೆ ಕುಳಿತುಕೊಳ್ಳಬೇಕು, ಅದರಿಂದಲೂ ಇಳಿಯದಿದ್ದರೆ ಮಲಗಬೇಕು ಎಂಬ ಪ್ರವಾದಿ ಬೋಧನೆಯನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅಂಗಡಿಯ ವ್ಯಾಪಾರ ಕುಸಿದ ದಿನ ಅಪ್ಪ ಕುಳಿತುಕೊಂಡದ್ದನ್ನು ಮಗು ಎಂದಾದರೂ ನೋಡಿದೆಯೇ? ಗಲ್ಫ್‌ನಲ್ಲಿರುವ ತಂದೆ ವೀಡಿಯೊ ಕರೆಯಲ್ಲಿ ಅಂಕಗಳ ಹೊರತು ಬೇರೇನಾದರೂ ಕೇಳಿದ್ದಾರೆಯೇ? ಮಕ್ಕಳ ಬಳಿ ಕ್ಷಮೆ ಕೇಳಿದರೆ ಹಿರಿತನ ಕುಗ್ಗುತ್ತದೆಂಬ ಭಯ ನಮ್ಮನ್ನು ಬಿಟ್ಟಿಲ್ಲ. ಕ್ಷಮೆ ಕೇಳುವುದನ್ನು ಮಗು ಬೇರೆಲ್ಲಿ ನೋಡಿ ಕಲಿಯಬೇಕು?

ನಮ್ಮ ಪರಿಚಯದ ಒಂದು ಮನೆಯವರು ಮಗ್ರಿಬ್ ಮತ್ತು ಇಶಾ ನಮಾಝ್‌ಗಳ ನಡುವೆ ಮೊಬೈಲ್‌ಗಳನ್ನೆಲ್ಲ ಕಪಾಟಿನಲ್ಲಿಟ್ಟು ಒಟ್ಟಿಗೆ ಕುಳಿತುಕೊಳ್ಳಲು ನಿರ್ಧರಿಸಿದರು. ಮೊದಲ ಕೆಲವು ದಿನ ಮಕ್ಕಳು ಬಾಯಿ ಬಿಡಲಿಲ್ಲ. ತಂದೆಗೂ ಏನು ಮಾತಾಡಬೇಕೆಂದು ತೋಚಲಿಲ್ಲ. ಒಂದು ಸಂಜೆ ಆ ತಂದೆ, ಹಿಂದಿನ ದಿನ ತಾನು ಮಗನಿಗೆ ಹೊಡೆದದ್ದು ತಪ್ಪಾಯಿತೆಂದು ಎಲ್ಲರ ಮುಂದೆ ಹೇಳಿದರು. ಮಗ ತಲೆ ತಗ್ಗಿಸಿ ಕುಳಿತಿದ್ದ. ಬಹಳ ಹೊತ್ತಿನ ಬಳಿಕ, ಮೂರು ತಿಂಗಳಿಂದ ತರಗತಿಯಲ್ಲಿ ತನ್ನ ಪಕ್ಕ ಯಾರೂ ಕುಳಿತುಕೊಳ್ಳುತ್ತಿಲ್ಲವೆಂದು ಹೇಳಿದ.