ತಮಟೆ ಬೇಕು, ತಮಟೆಯವರು ಬೇಡವೇ?

(ಅರಸೀಕೆರೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಜನಪದ ಸಂಗೀತ ಮತ್ತು ಸೌಹಾರ್ದ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ಸಂಗೀತಕ್ಕೆ ಜಾತಿಯಿಲ್ಲ, ಮತವಿಲ್ಲ ಎಂದು ಹೇಳಿ ಚಪ್ಪಾಳೆ ಪಡೆದು ಕೂತುಬಿಡಬಹುದು. ಆದರೆ ಅದು ಪೂರ್ತಿ ನಿಜವಲ್ಲ. ಹಾಡು ಕೂಡಿಸುತ್ತದೆ, ಅದೇ ಹಾಡು ಒಡೆಯಲೂ ಬಲ್ಲದು. ಅದು ಕೂಡಿಸಬೇಕಾದರೆ ನಾವು ಏನು ಮಾಡಬೇಕು ಎಂಬುದಷ್ಟನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ದೂರದ ಒಂದು ನಾಡಿನಿಂದ ಶುರುಮಾಡುತ್ತೇನೆ. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ಸುಮಾರು ಮೂವತ್ತು ವರ್ಷ ಕಾದಾಟ ನಡೆಯಿತು. 3,500ರಷ್ಟು ಜನ ಸತ್ತರು. ಇಬ್ಬರ ದೇವರೂ ಏಸುವೇ. ಅಲ್ಲಿ ಪ್ರೊಟೆಸ್ಟೆಂಟರ ಮೆರವಣಿಗೆಗೆ ಲ್ಯಾಂಬೆಗ್ ಎಂಬ ದೊಡ್ಡ ನಗಾರಿ. ಇನ್ನೊಂದು ಕಡೆಯವರ ಹಾಡಿಗೆ ಬೌರಾನ್ ಎಂಬ ಕೈವಾದ್ಯ, ಹೆಚ್ಚುಕಡಿಮೆ ನಮ್ಮ ದಮ್ಮಡಿಯಂಥದ್ದು. ನಗಾರಿಯ ಸದ್ದು ಕೇಳಿದರೆ ಒಂದು ಬೀದಿಗೆ ಹಬ್ಬ, ಪಕ್ಕದ ಬೀದಿಗೆ ಹೆದರಿಕೆ. ಆದರೆ ಎರಡೂ ವಾದ್ಯಕ್ಕೆ ಬಿಗಿದಿರುವುದು ಮೇಕೆಯ ಚರ್ಮವೇ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಇಲ್ಲಿಗೇ ಬರುತ್ತೇನೆ.

ಮಯಾಮಿ ಷೋಬ್ಯಾಂಡ್ ಎಂಬ ವಾದ್ಯಗೋಷ್ಠಿಯಲ್ಲಿ ಎರಡೂ ಪಂಗಡದವರಿದ್ದರು. 1975ರ ಜುಲೈ 31ರ ನಸುಕಿನಲ್ಲಿ, ಕಾರ್ಯಕ್ರಮ ಮುಗಿಸಿ ಊರಿಗೆ ಮರಳುತ್ತಿದ್ದಾಗ, ಅವರ ವಾಹನವನ್ನು ತಡೆದು ಮೂವರನ್ನು ಕೊಂದರು. ಕೂಡಿ ಹಾಡುವವರಿಗೆ ಅಪಾಯವಿಲ್ಲವೆಂದು ಯಾರೂ ತಿಳಿಯಬಾರದು. 1998ರ ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದವಾಯಿತು. 2013ರಲ್ಲಿ ಐರಿಷ್ ಜನಪದ ಸಂಗೀತದ ಅತಿ ದೊಡ್ಡ ಮೇಳವು ಮೊದಲ ಸಲ ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ನಡೆಯಿತು. ಆ ಊರನ್ನು ಏನೆಂದು ಕರೆಯಬೇಕೆಂಬುದರಲ್ಲೇ ಜಗಳ. ಒಬ್ಬರಿಗೆ ಡೆರಿ, ಇನ್ನೊಬ್ಬರಿಗೆ ಲಂಡನ್‌ಡೆರಿ. ಅಂಥ ಊರಿನ ಮೇಳದಲ್ಲಿ ಪ್ರೊಟೆಸ್ಟೆಂಟರ ಕೊಳಲಿನ ಬ್ಯಾಂಡುಗಳೂ ನುಡಿಸಿದವು. ಯಾರೂ ತಮ್ಮ ವಾದ್ಯವನ್ನು ಕೆಳಗಿಡಬೇಕಾಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ ಅಂಗಳ.

ಬಂಧುಗಳೇ, ಅಂಥ ಅಂಗಳ ನಮ್ಮ ನಾಡಿಗೆ ಹೊಸದಲ್ಲ. ಶಿಶುನಾಳದ ಷರೀಫರು ಹುಟ್ಟಿದ್ದು 1819ರಲ್ಲಿ, ಮುಸಲ್ಮಾನರ ಮನೆಯಲ್ಲಿ. ಗುರುವಾಗಿ ಒಲಿದವರು ಬ್ರಾಹ್ಮಣರಾದ ಕಳಸದ ಗೋವಿಂದಭಟ್ಟರು. ಇಂದಿಗೂ ಷರೀಫರ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಕಡಕೋಳದ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರಿದ್ದರು. ಗುರು ಶಿಷ್ಯರಿಬ್ಬರೂ ತತ್ವಪದ ಕಟ್ಟಿದವರೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಜಾತಿ ಕೇಳದೆ ಸಂಗೀತ ಕಲಿಸಿದರು. ಅಲ್ಲಿ ಪಾಠದ ಜೊತೆಗೆ ಪ್ರಸಾದವೂ ಇತ್ತು. ಅನ್ನ ಬೇರೆ, ಸ್ವರ ಬೇರೆ ಎಂದು ಅವರು ಎಣಿಸಲಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಬೇಲೂರಿನ ಚೆನ್ನಕೇಶವನ ತೇರು ಹೊರಡುವ ಮುನ್ನ ಮೌಲ್ವಿಯೊಬ್ಬರು ಕುರಾನ್ ಪಠಿಸುವ ವಾಡಿಕೆ ಬಹು ಹಿಂದಿನದು. 2022ರಲ್ಲಿ ಅದನ್ನು ನಿಲ್ಲಿಸಬೇಕೆಂಬ ಒತ್ತಾಯ ಎದ್ದಿತು. ಆದರೂ ಆ ವರ್ಷ ಪಠಣ ನಡೆಯಿತು, ತೇರೂ ಹರಿಯಿತು. ಸ್ಥಾವರ ಪೂಜೆಯ ಬಗ್ಗೆ ಶರಣರ ನಿಲುವು ಬೇರೆ, ಅದು ನಿಮಗೆಲ್ಲ ಗೊತ್ತಿದೆ. ಆದರೆ ಒಬ್ಬರ ಹಬ್ಬದಲ್ಲಿ ಇನ್ನೊಬ್ಬರ ದನಿಗೆ ಜಾಗ ಬಿಡುವ ಗುಣವನ್ನು ಶರಣರು ಒಪ್ಪದೇ ಇರುತ್ತಿರಲಿಲ್ಲ.

ಇಷ್ಟು ಹೇಳಿ ಮುಗಿಸಿದರೆ ನಿಮಗೂ ಸಂತೋಷ, ನನಗೂ ಸಂತೋಷ. ಬೇರೆಯವರ ಜಗಳ, ಬೇರೆಯವರ ರಾಜಿ. ಆದರೆ ನಮ್ಮ ಮನೆಯ ಲೆಕ್ಕ ಬಾಕಿ ಉಳಿಯುತ್ತದೆ.

ನಮ್ಮೂರು ಇದೇ ಸೀಮೆಯ ಒಂದು ಹಳ್ಳಿ. ಹರೆಯದಲ್ಲಿ ನಾನು ಭಜನೆ ಮೇಳದಲ್ಲಿ ತಾಳ ಹಾಕುತ್ತಿದ್ದೆ. ಜಾತ್ರೆ ಬಂತೆಂದರೆ ಮುಂದೆ ತಮಟೆ, ಅದರ ಹಿಂದೆ ವೀರಗಾಸೆ, ಆಮೇಲೆ ನಮ್ಮ ಮೇಳ. ತಮಟೆಯವರು ಕೇರಿಯಿಂದ ಬರುತ್ತಿದ್ದರು. ರಾತ್ರಿಯೆಲ್ಲ ಬಡಿದು ಅವರ ಬೆರಳು ಊದಿಕೊಂಡಿರುತ್ತಿತ್ತು. ಬೆಳಿಗ್ಗೆ ಪ್ರಸಾದದ ಪಂಕ್ತಿ. ಒಂದು ವರ್ಷ ಬಡಿಸುವ ಕೆಲಸ ನನ್ನದಾಗಿತ್ತು. ತಮಟೆಯವರ ಮಗ, ಎಂಟು ಹತ್ತು ವರ್ಷದ ಹುಡುಗ, ಎಲೆ ಹಿಡಿದು ಪಂಕ್ತಿಯ ತುದಿಯಲ್ಲಿ ಕೂರಲು ಬಂದ. ಹಿರಿಯರು ನನ್ನ ಮುಖ ನೋಡಿದರು. ನಾನು, "ಆಮೇಲೆ ಬಾರಪ್ಪ, ನಿಮಗೆ ಆ ಕಡೆ ಹಾಕ್ತೀವಿ" ಅಂದೆ. ಗದರಿಸಲಿಲ್ಲ, ಮೆತ್ತಗೇ ಅಂದೆ. ಹುಡುಗ ಎಲೆ ಮಡಚಿಕೊಂಡು ಹೋದ. ಹಿಂದಿನ ರಾತ್ರಿ ನನ್ನ ತಾಳ ತಪ್ಪಿದಾಗ ಅವನಪ್ಪನೇ ತಮಟೆಯಲ್ಲಿ ಪೆಟ್ಟು ಎತ್ತಿ ಕೊಟ್ಟು ನನ್ನನ್ನು ದಾರಿಗೆ ತಂದಿದ್ದ. ಮರುವರ್ಷ ಅವರು ತಮಟೆಗೆ ಬರಲಿಲ್ಲ. ಯಾಕೆಂದು ನಾವು ಯಾರೂ ಹೋಗಿ ಕೇಳಲಿಲ್ಲ. ಬೇರೆ ಊರಿನವರನ್ನು ಗೊತ್ತುಮಾಡಿದೆವು.

ಈಗ ಆ ಚರ್ಮದ ಮಾತು. ಭಜನೆಯ ತಬಲಾಕ್ಕೆ ಮೇಕೆಯ ಚರ್ಮ. ಅದು ದೇವರ ಮುಂದೆ ಕೂರಬಹುದು. ಅದನ್ನು ಹದ ಮಾಡಿದ ಕೈ ಬಾಗಿಲಾಚೆ ನಿಲ್ಲಬೇಕು. ಹಳೇಬೀಡಿಗೆ ಹೋಗಿ ನೋಡಿ, ಗುಡಿಯ ಗೋಡೆಯ ಮೇಲೆ ಮದ್ದಳೆ ಬಾರಿಸುವವರನ್ನು ಕೆತ್ತಿದ್ದಾರೆ. ಬೇಲೂರಿನ ಮದನಿಕೆಯರಲ್ಲೂ ವಾದ್ಯ ಹಿಡಿದವರಿದ್ದಾರೆ. ಕಲ್ಲಿನ ವಾದ್ಯಗಾರರಿಗೆ ಅಲ್ಲಿ ಒಂಬೈನೂರು ವರ್ಷದಿಂದ ಜಾಗವಿದೆ. ಉಸಿರಾಡುವ ವಾದ್ಯಗಾರನಿಗೆ ನಮ್ಮ ಪಂಕ್ತಿಯಲ್ಲಿ ಜಾಗವಿಲ್ಲ ಎಂದರೆ ನಾವು ಯಾವ ಬಾಯಲ್ಲಿ ಸೌಹಾರ್ದದ ಮಾತಾಡುವುದು?

ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವಯ್ಯನವರ ಮಗಳಿಗೂ ಮದುವೆಯಾದಾಗ ಆ ಒಂದು ಸಂಬಂಧಕ್ಕೆ ಶರಣರು ತಮ್ಮ ಪ್ರಾಣವನ್ನೇ ತೆತ್ತರು. ಅವರ ವಚನಗಳನ್ನು ನಾವು ರಾಗ ಹಾಕಿ ಹಾಡುತ್ತೇವೆ. ಹಾಡುವುದು ಒಳ್ಳೆಯದೇ. ಆದರೆ ಹಾಡಿನಿಂದ ನಮಗೆ ಏನೂ ಖರ್ಚಾಗದಿದ್ದರೆ ಅದು ಬರೀ ಇಂಪು.

ಆದ್ದರಿಂದ ಮೂರು ಬಿನ್ನಹ. ಒಂದು, ಬರುವ ಜಾತ್ರೆಯಲ್ಲಿ ತಮಟೆಯವರು ಮೊದಲ ಪಂಕ್ತಿಯಲ್ಲೇ, ನಮ್ಮ ಪಕ್ಕದಲ್ಲೇ ಕೂರಲಿ. ಎರಡು, ನಮ್ಮ ವಚನ ಭಜನೆಯ ಮೇಳಗಳಿಗೆ ಕೇರಿಯ ಮಕ್ಕಳೂ ಸಾಬರ ಮಕ್ಕಳೂ ಬರಲಿ. ಕರೆದರೆ ಸಾಲದು, ಕಲಿಸುವ ಜಾಗದಲ್ಲೂ ಅವರಿರಲಿ. ತಮಟೆಯ ಗತ್ತುಗಳನ್ನು ನಮ್ಮ ಮಕ್ಕಳು ಅವರಿಂದ ಕಲಿಯಲಿ. ಮೂರು, ಮೆರವಣಿಗೆ ಇನ್ನೊಬ್ಬರ ಪ್ರಾರ್ಥನೆಯ ಮನೆ ಮುಂದೆ ಹೋಗುವಾಗ ಹೆದರಿಸುವ ಪೆಟ್ಟು ಬೇಡ. ಯಾವ ಪೆಟ್ಟು ಭಕ್ತಿಯದು, ಯಾವುದು ಕೆಣಕುವುದು ಎಂಬುದು ಬಡಿಯುವವನ ಕೈಗೆ ಚೆನ್ನಾಗಿ ಗೊತ್ತಿರುತ್ತದೆ.

ಆ ಹುಡುಗ ಈಗ ಮಧ್ಯವಯಸ್ಸಿನವನು. ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ. ಕ್ಷಮೆ ಕೇಳಿದೆ. "ಮೇಷ್ಟ್ರೇ, ಆ ಎಲೆ ನನಗೆ ಇನ್ನೂ ಕಣ್ಣಲ್ಲಿದೆ" ಅಂದ. ಕ್ಷಮಿಸಿದೆ ಅನ್ನಲಿಲ್ಲ. ಅವನ ಮನೆಯಾಕೆ ಟೀ ಕೊಟ್ಟರು, ಕುಡಿದು ಬಂದೆ. ಈ ಸಲದ ಜಾತ್ರೆಗೆ ಕರೆಯಲು ಮತ್ತೆ ಹೋಗುತ್ತೇನೆ. ತಮಟೆಗಲ್ಲ, ಪಂಕ್ತಿಗೆ.